ವಿಕ್ಟೋರಿಯಾ ಕಾಲದ ಟೆನಿಸ್ ಕ್ಲಬ್: ಹುಲ್ಲು, ಅಳತೆ ಮತ್ತು ಗುತ್ತಿಗೆಯ ಲೆಕ್ಕ

ಮಾನ್ಯ ಸಂಪಾದಕರೇ,

ಲಾನ್ ಟೆನಿಸ್ ಹುಟ್ಟಿದ ಬಗೆಯನ್ನು ಕುರಿತು ತಮ್ಮ ಕ್ರೀಡಾಪುಟದಲ್ಲಿ ಬಂದ ಲೇಖನ ಓದಿದೆ. ಮೇಜರ್ ವಾಲ್ಟರ್ ಕ್ಲಾಪ್ಟನ್ ವಿಂಗ್‌ಫೀಲ್ಡ್ 1874ರಲ್ಲಿ ಪೇಟೆಂಟ್ ಪಡೆದು ಆಟದ ಪೆಟ್ಟಿಗೆ ಮಾರಿದರು, ಅದರಿಂದ ಇಂಗ್ಲೆಂಡಿನ ತುಂಬ ಟೆನಿಸ್ ಕ್ಲಬ್ಬುಗಳು ಹುಟ್ಟಿಕೊಂಡವು ಎಂದು ಅದರಲ್ಲಿ ಎರಡೇ ವಾಕ್ಯದಲ್ಲಿ ಮುಗಿಸಲಾಗಿದೆ. ಪೆಟ್ಟಿಗೆ ಕೊಂಡವರಿಗೆ ಆಟದ ಸಾಮಾನು ಸಿಕ್ಕಿತು ಎನ್ನುವುದು ನಿಜ. ಆದರೆ ಕ್ಲಬ್ ಕಟ್ಟಲು ಸಮತಟ್ಟಾದ ಹುಲ್ಲುನೆಲ ಬೇಕು, ಆ ನೆಲದ ಗುತ್ತಿಗೆ ತೀರಿಸುವಷ್ಟು ಚಂದಾ ಬೇಕು, ಎಲ್ಲರೂ ಒಪ್ಪುವ ಒಂದು ಅಳತೆ ಬೇಕು. ಈ ಮೂರೂ ಯಾರ ಪೆಟ್ಟಿಗೆಯಲ್ಲೂ ಇರಲಿಲ್ಲ. ಅವು ಒದಗಿದ ಬಗೆ ತಿಳಿಯದೆ ಆ ಕಾಲದ ಕ್ಲಬ್ ಅರ್ಥವಾಗುವುದಿಲ್ಲ ಎಂಬುದೇ ಈ ಪತ್ರದ ಕಾರಣ.

ಮೊದಲು ಕಾಲಾನುಕ್ರಮ. ವಿಂಗ್‌ಫೀಲ್ಡ್ ಅವರ ಪೇಟೆಂಟಿನ ತಾರೀಖು 1874ರ ಫೆಬ್ರುವರಿ 23. ಅದಕ್ಕೂ ಎಷ್ಟೋ ವರ್ಷ ಮುಂಚೆ ಬರ್ಮಿಂಗ್‌ಹ್ಯಾಮ್‌ನ ಎಜ್‌ಬಾಸ್ಟನ್ ಬಡಾವಣೆಯಲ್ಲಿ ವಕೀಲ ಹ್ಯಾರಿ ಜೆಮ್ ಮತ್ತು ಸ್ಪೇನ್ ಮೂಲದ ವರ್ತಕ ಆಗುರಿಯೊ ಪೆರೇರಾ, ಪೆರೇರಾ ಮನೆಯ ಕ್ರೋಕೆ (ಕೊಡತಿಯಿಂದ ಚೆಂಡನ್ನು ಹೊಡೆದು ನೆಲಕ್ಕೆ ನೆಟ್ಟ ಕಮಾನುಗಳೊಳಗೆ ಹಾಯಿಸುವ ಆಟ) ಹುಲ್ಲುಹಾಸಿನ ಮೇಲೆ ರಾಕೆಟ್ ಹಿಡಿದು ಇಂಥದೇ ಆಟ ಆಡುತ್ತಿದ್ದರು. 1872ರಲ್ಲಿ ಇಬ್ಬರೂ ಲೆಮಿಂಗ್ಟನ್ ಸ್ಪಾಕ್ಕೆ ಬಂದರು. ಅಲ್ಲಿ ಫ್ರೆಡರಿಕ್ ಹೇನ್ಸ್, ಆರ್ಥರ್ ಟಾಮ್‌ಕಿನ್ಸ್ ಎಂಬ ಇಬ್ಬರು ವೈದ್ಯರೊಂದಿಗೆ ಸೇರಿ ಮ್ಯಾನರ್ ಹೌಸ್ ಹೋಟೆಲಿನ ಹುಲ್ಲುಹಾಸನ್ನು ಆಟಕ್ಕೆ ಹಿಡಿದರು. ಲಾನ್ ಟೆನಿಸ್‌ಗೆಂದೇ ಏರ್ಪಟ್ಟ ಮೊದಲ ಕ್ಲಬ್ ಎಂಬ ಗೌರವ ಸಾಮಾನ್ಯವಾಗಿ ಈ ಲೆಮಿಂಗ್ಟನ್ ಗುಂಪಿಗೇ ಸಲ್ಲುತ್ತದೆ. ಒಬ್ಬ ವಕೀಲ, ಒಬ್ಬ ವರ್ತಕ, ಇಬ್ಬರು ಡಾಕ್ಟರು, ಒಂದು ಹೋಟೆಲಿನ ಹಿತ್ತಲು. ಮುಂದೆ ಹುಟ್ಟಿದ ಎಷ್ಟೋ ಕ್ಲಬ್ಬುಗಳ ಸ್ವರೂಪವೂ ಹೆಚ್ಚುಕಡಿಮೆ ಇದೇ.

ವಿಂಗ್‌ಫೀಲ್ಡ್ ಪೆಟ್ಟಿಗೆಯ ಬೆಲೆ ಐದು ಗಿನಿ, ಎಂದರೆ 105 ಷಿಲಿಂಗ್. ಆಗ ಇಂಗ್ಲೆಂಡಿನ ಹೊಲಗೆಲಸದ ಆಳಿನ ವಾರದ ಕೂಲಿ 14 ಷಿಲಿಂಗಿನ ಆಸುಪಾಸಿನಲ್ಲಿತ್ತು. ಪೆಟ್ಟಿಗೆಯೊಳಗೆ ಕಂಬ, ಗೂಟ, ನೆಟ್, ಗೂಟ ಬಡಿಯುವ ಕೊಡತಿ, ನಾಲ್ಕು ರಾಕೆಟ್, ಚೆಂಡುಗಳು, ನಿಯಮದ ಪುಸ್ತಿಕೆ. ಅವರು ಹೇಳಿದ ಅಂಕಣ ಡಮರುಗದ ಹಾಗೆ ನಡು ಸಣ್ಣಗಾದದ್ದು: ತುದಿಗಳಲ್ಲಿ 30 ಅಡಿ ಅಗಲ, ನೆಟ್ ಬಳಿ 21 ಅಡಿ. ಸ್ನೇಹಿತರು ಮನೆಯ ತೋಟದಲ್ಲಿ ಆಡಿಕೊಳ್ಳಲು ಇಷ್ಟು ಸಾಕಾಗಿತ್ತು. ಒಂದೂರಿನವರು ಇನ್ನೊಂದೂರಿನವರ ಮೇಲೆ ಪಂದ್ಯ ಆಡಬೇಕೆಂದಾಗ ತೊಡಕು ಶುರುವಾಯಿತು; ಒಬ್ಬೊಬ್ಬರ ಅಂಕಣ ಒಂದೊಂದು ಅಳತೆ, ನೆಟ್ ಒಂದೊಂದು ಎತ್ತರ. ಮ್ಯಾರಿಲೆಬೋನ್ ಕ್ರಿಕೆಟ್ ಕ್ಲಬ್ 1875ರ ಮೇ ತಿಂಗಳಲ್ಲಿ ಒಂದು ನಿಯಮಾವಳಿ ಹೊರಡಿಸಿ ಉದ್ದವನ್ನು 78 ಅಡಿಗೆ ನಿಲ್ಲಿಸಿತು. ಆದರೂ ಡಮರುಗದ ಆಕಾರವನ್ನು ಬಿಡಲಿಲ್ಲ.

ಹುಲ್ಲಿನ ವಿಷಯಕ್ಕೆ ಬರುತ್ತೇನೆ; ಲೇಖನದಲ್ಲಿ ಒಂದಕ್ಷರವೂ ಇಲ್ಲದ ಭಾಗ ಇದು. ಗ್ಲಾಸ್ಟರ್‌ಷೈರಿನ ಸ್ಟ್ರೌಡ್ ಪ್ರದೇಶದ ಎಡ್ವಿನ್ ಬಡಿಂಗ್, ಉಣ್ಣೆ ಬಟ್ಟೆಯ ಮೇಲಿನ ಜುಂಗನ್ನು ಸವರುವ ಗಿರಣಿ ಯಂತ್ರವನ್ನು ನೋಡಿ, ಅದೇ ತತ್ತ್ವದ ಹುಲ್ಲು ಕತ್ತರಿಸುವ ಯಂತ್ರಕ್ಕೆ 1830ರಲ್ಲಿ ಪೇಟೆಂಟ್ ಪಡೆದರು. ಅದಕ್ಕೆ ಮೊದಲು ಹುಲ್ಲುಹಾಸನ್ನು ಕುಡುಗೋಲಿನಿಂದಲೇ ಕೊಯ್ಯಬೇಕಿತ್ತು. ಅದೂ ಬೆಳಗಿನ ಇಬ್ಬನಿ ಆರುವ ಮೊದಲೇ, ಏಕೆಂದರೆ ಒಣಗಿದ ಹುಲ್ಲು ಅಲಗಿಗೆ ಸಿಕ್ಕದೆ ಬಾಗುತ್ತದೆ. ಎಷ್ಟೇ ನುರಿತ ಕೈಯಾದರೂ ಬೀಸಿದ ಬೀಸಿಗೆ ಒಂದು ಏಣು ಉಳಿಯುತ್ತದೆ. ಅಂಥ ನೆಲದ ಮೇಲೆ ಪುಟಿಯುವ ಚೆಂಡಿನ ಆಟ ನಡೆಯದು. ಯಂತ್ರ ಬಂದ ಮೇಲೆ ಕ್ರೋಕೆ ಆಟಕ್ಕೆಂದು ಸಾವಿರಾರು ಮನೆಗಳಲ್ಲಿ, ಕ್ಲಬ್ಬುಗಳಲ್ಲಿ ಒತ್ತಾಗಿ ಕತ್ತರಿಸಿದ ಸಮತಟ್ಟಾದ ಹುಲ್ಲುಹಾಸು ತಯಾರಾಯಿತು. ಟೆನಿಸ್ ಆ ನೆಲದ ಮೇಲೆ ಬಂದು ಕೂತಿತು. ದೊಡ್ಡ ಯಂತ್ರಗಳನ್ನೂ ರೋಲರ್‌ಗಳನ್ನೂ ತಟ್ಟುಕುದುರೆ ಎಳೆಯುತ್ತಿತ್ತು. ಗೊರಸಿನ ಗುರುತು ಬೀಳದಂತೆ ಅದರ ಕಾಲಿಗೆ ತೊಗಲಿನ ಬೂಟು ತೊಡಿಸುತ್ತಿದ್ದರು.

ಕ್ರೋಕೆ ಅಂಗಳ ಟೆನಿಸ್‌ಗೆ ಎಷ್ಟು ಒಗ್ಗುತ್ತದೆಂದು ಲೆಕ್ಕ ಹಾಕಿ ನೋಡಬಹುದು. ಇಂದಿಗೂ ಬಳಕೆಯಲ್ಲಿರುವ ಪೂರ್ಣ ಅಳತೆಯ ಕ್ರೋಕೆ ಅಂಗಳ 35 ಗಜ ಉದ್ದ, 28 ಗಜ ಅಗಲ. ಅಡಿಯಲ್ಲಿ 105 ಮತ್ತು 84. ಉದ್ದದಲ್ಲಿ 78 ಅಡಿ ಕಳೆದರೆ ಬೇಸ್‌ಲೈನಿನ (ಅಂಕಣದ ತುದಿಗೆರೆಯ) ಹಿಂದೆ ತಲಾ ಹದಿಮೂರೂವರೆ ಅಡಿ ಉಳಿಯುತ್ತದೆ. ಅಗಲದಲ್ಲಿ 27 ಅಡಿಯ ಎರಡು ಸಿಂಗಲ್ಸ್ ಅಂಕಣ ಹಾಕಿದರೂ ಪಕ್ಕಗಳಲ್ಲಿ ಮತ್ತು ನಡುವೆ ಹತ್ತು ಹತ್ತು ಅಡಿ ಸಿಗುತ್ತದೆ. ಸ್ವಲ್ಪ ಇಕ್ಕಟ್ಟಾದರೂ ಆಡಬಹುದು. ಹೊಸದಾಗಿ ನೆಲ ಹಿಡಿಯುವವರು ಅಂಕಣಕ್ಕೆ 120 ಅಡಿ ಉದ್ದ, 60 ಅಡಿ ಅಗಲ ಇಟ್ಟುಕೊಳ್ಳುವುದು ಒಳ್ಳೆಯದು. ಅದು 800 ಚದರ ಗಜ, ಎಕರೆಯ ಆರನೇ ಒಂದು ಪಾಲು. ಹಾಗೆಂದು ಎಕರೆಗೆ ಆರು ಅಂಕಣ ಕೂರುವುದಿಲ್ಲ. ಕಾಲುದಾರಿ, ಬೇಲಿ, ಸಾಮಾನಿನ ಕೊಟ್ಟಿಗೆ, ಕೂರುವ ಜಾಗ ಬಿಟ್ಟರೆ ನಾಲ್ಕಕ್ಕೇ ತೃಪ್ತಿಪಡಬೇಕು. ಅಂಕಣದ ಉದ್ದ ಉತ್ತರ-ದಕ್ಷಿಣವಾಗಿರಬೇಕು. ಪೂರ್ವ-ಪಶ್ಚಿಮಕ್ಕೆ ಹಾಕಿದರೆ ಕೆಲಸ ಮುಗಿಸಿ ಸಂಜೆ ಆಡಲು ಬಂದ ಸದಸ್ಯರಲ್ಲಿ ಒಂದು ಕಡೆಯವರ ಕಣ್ಣಿಗೆ ನೇರ ಬಿಸಿಲು ಹೊಡೆಯುತ್ತದೆ.

ಸ್ಥಾಪನಾ ಸಭೆಯನ್ನು ಯಾವಾಗ ಕರೆಯಬೇಕೆಂಬುದನ್ನೂ ಹುಲ್ಲೇ ತೀರ್ಮಾನಿಸುತ್ತಿತ್ತು. ಇಂಗ್ಲೆಂಡಿನಲ್ಲಿ ಆಟದ ಕಾಲ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ. ಹುಲ್ಲಿನ ಹಾಸು ಕೂರಿಸುವ ಕಾಲ ಅಕ್ಟೋಬರ್‌ನಿಂದ ಫೆಬ್ರುವರಿ. ಆದ್ದರಿಂದ ಸೆಪ್ಟೆಂಬರಿನಲ್ಲಿ ಸಭೆ ಸೇರಿ, ಠರಾವು ಮಾಡಿ, ಗುತ್ತಿಗೆ ಬರೆಸಿಕೊಂಡವರಿಗೆ ಮುಂದಿನ ಬೇಸಿಗೆಯಲ್ಲಿ ಅಂಕಣ ಸಿಗುತ್ತಿತ್ತು. ಏಪ್ರಿಲಿನ ಹುರುಪಿನಲ್ಲಿ ಸಭೆ ಸೇರಿದವರು ಮೊದಲ ವರ್ಷ ದನ ಮೇದ ಹುಲ್ಲುಗಾವಲಿನ ಮೇಲೆ ಆಡಬೇಕಾಗುತ್ತಿತ್ತು.

ಇಳಿಜಾರು ನೆಲವನ್ನು ಒಂದು ಕಡೆ ಕಡಿದು ಇನ್ನೊಂದು ಕಡೆ ತುಂಬಿ ಮಟ್ಟ ಮಾಡುವಾಗ, ತುಂಬಿದ ಭಾಗ ಒಂದು ಚಳಿಗಾಲದ ಮಳೆಯಲ್ಲಿ ಕುಸಿಯುತ್ತದೆ. ಅದನ್ನು ಪದರ ಪದರವಾಗಿ ದಮ್ಮಸ್ಸು ಮಾಡದೆ ಹುಲ್ಲು ಹಾಸಿದರೆ ಅರ್ಧ ಅಂಕಣ ತಗ್ಗಾಗುತ್ತದೆ. ಮೇಲ್ಮಣ್ಣನ್ನು ಮೊದಲೇ ತೆಗೆದು ಬೇರೆ ರಾಶಿ ಹಾಕಿಟ್ಟು, ಮಟ್ಟ ಮಾಡಿದ ನಂತರ ಸಮನಾಗಿ ಹರಡಬೇಕು. ಅದನ್ನು ಅಡಿಗೆ ಹಾಕಿ ಜೇಡಿಯನ್ನು ಮೇಲಕ್ಕೆ ತಂದರೆ ಹುಲ್ಲು ಬೇರೂರುವುದಿಲ್ಲ. ಜೇಡಿ ನೆಲವಾದರೆ ಒಂದೂವರೆಯಿಂದ ಎರಡು ಅಡಿ ಆಳದ ಕಾಲುವೆ ತೋಡಿ, ಎರಡಂಗುಲ ವ್ಯಾಸದ ಸುಟ್ಟ ಮಣ್ಣಿನ ಕೊಳವೆಗಳನ್ನು ಇಳಿಜಾರಾಗಿ ಕೂರಿಸಿ, ಮೇಲೆ ಇದ್ದಿಲ ಕಿಟ್ಟವನ್ನೋ ಜಲ್ಲಿಯನ್ನೋ ತುಂಬುವುದು ಕ್ರಮ. ಕೊಳವೆ ತೀರಾ ಮೇಲಿದ್ದರೆ ಬೇಸಿಗೆಯಲ್ಲಿ ಅದರ ಉದ್ದಕ್ಕೂ ಹುಲ್ಲು ಕಂದಿ, ಪಟ್ಟೆ ಪಟ್ಟೆಯಾಗಿ ಕಾಣುತ್ತದೆ.

ಹುಲ್ಲನ್ನು ಮಣ್ಣುಸಮೇತ ಮೂರಡಿ ಉದ್ದ, ಒಂದಡಿ ಅಗಲ, ಒಂದೂವರೆ ಅಂಗುಲ ದಪ್ಪದ ಪಟ್ಟಿಗಳಾಗಿ ಕತ್ತರಿಸಿ, ಸುರುಳಿ ಸುತ್ತಿ ತರುತ್ತಿದ್ದರು. 120ಕ್ಕೆ 60 ಅಡಿಯ ಒಂದು ಅಂಕಣಕ್ಕೆ 2,400 ಪಟ್ಟಿ ಬೇಕು. ಹರಿದುಹೋಗುವುದಕ್ಕೆಂದು ಮೇಲೆ ಸ್ವಲ್ಪ ಸೇರಿಸಬೇಕು. ಇಲ್ಲಿ ಅವಸರ ಮಾಡಿದವರೇ ಹೆಚ್ಚು ಕೆಟ್ಟದ್ದು. ಪಟ್ಟಿಗಳ ದಪ್ಪ ಒಂದೇ ಸಮ ಇಲ್ಲದಿದ್ದರೆ ಎಷ್ಟು ರೋಲರ್ ಎಳೆದರೂ ನೆಲ ಸಮವಾಗದು. ಅದಕ್ಕಾಗಿ ಒಂದೂವರೆ ಅಂಗುಲ ಆಳದ ಮರದ ತಟ್ಟೆಯಲ್ಲಿ ಪಟ್ಟಿಯನ್ನು ಬೋರಲು ಹಾಕಿ, ಅಂಚಿನಿಂದ ಮೇಲೆದ್ದ ಮಣ್ಣನ್ನು ಅಲಗಿನಿಂದ ಸವರಿ ತೆಗೆಯುತ್ತಿದ್ದರು. ಇಟ್ಟಿಗೆ ಗೋಡೆಯಲ್ಲಿ ಮಾಡುವಂತೆ ಸಂದುಗಳನ್ನು ತಪ್ಪಿಸಿ ಜೋಡಿಸಿ, ಸಂದಿಗೆ ಜರಡಿ ಹಿಡಿದ ಮಣ್ಣು ತುಂಬುವುದು. ಒಣಗಾಳಿಗೆ ಸಂದು ಬಿರಿದರೆ ಪಟ್ಟಿಯ ಅಂಚು ಮೇಲೇಳುತ್ತದೆ, ಚೆಂಡು ಅಲ್ಲಿ ತಾಗಿ ದಿಕ್ಕು ತಪ್ಪುತ್ತದೆ.

ರೋಲರ್ ಎಳೆಯುವ ಕೆಲಸಕ್ಕೆ ಹೊತ್ತು ಗೊತ್ತಿರಬೇಕು. ಮಳೆ ನಿಂತು ಮೇಲ್ಪದರ ಆರುತ್ತಿರುವಾಗ, ರೋಲರ್‌ಗೆ ಮಣ್ಣು ಅಂಟದ ಹದದಲ್ಲಿ ಎಳೆಯಬೇಕು. ತೊಯ್ದ ಜೇಡಿಯ ಮೇಲೆ ಎಳೆದರೆ ನೆಲ ಹಲಗೆ ಕಟ್ಟಿ, ನೀರು ನಿಂತು, ಬೇರಿಗೆ ಗಾಳಿಯಾಡದೆ ಪಾಚಿ ಬೆಳೆಯುತ್ತದೆ. ಎರೆಹುಳು ಹಾಕಿದ ಮಣ್ಣಿನ ಗುಪ್ಪೆಗಳನ್ನು ಮೊದಲು ಪೊರಕೆಯಿಂದ ಚದುರಿಸಬೇಕು. ಅವುಗಳ ಮೇಲೇ ರೋಲರ್ ಹಾಯಿಸಿದರೆ ಬಿಲ್ಲೆಯಂತೆ ಅಂಟಿಕೊಂಡು ಅಡಿಯ ಹುಲ್ಲನ್ನು ಕೊಲ್ಲುತ್ತವೆ, ಕಳೆಯ ಬೀಜಕ್ಕೆ ಮಡಿಯಾಗುತ್ತವೆ. ಅಗಲ ಎಲೆಯ ಕಳೆಯ ಮೇಲೆ ಆಟಗಾರರ ಕಾಲು ಜಾರುವುದರಿಂದ ಒಂದೊಂದನ್ನೂ ಚಾಕುವಿನಿಂದ ಬುಡಸಮೇತ ಎಬ್ಬಿಸಬೇಕಿತ್ತು. ಬೇಸ್‌ಲೈನ್ ಬಳಿ ಹುಲ್ಲು ಸವೆಯುವುದು ಖಂಡಿತ. ಜಾಗ ಇದ್ದವರು ಅಂಕಣವನ್ನು ಆಗಾಗ ಕೆಲವು ಅಡಿ ಸರಿಸಿ ಗೆರೆ ಹಾಕುತ್ತಿದ್ದರು. ಇಲ್ಲದವರು ಮೂಲೆಯಲ್ಲಿ ಒಂದು ಪಾತಿ ಹುಲ್ಲು ಬೆಳೆಸಿಟ್ಟುಕೊಂಡು ತೇಪೆ ಹಾಕಬೇಕಿತ್ತು.

ಇನ್ನು ಗೆರೆ ಹಾಕುವುದು. ಮೂಲೆಮಟ್ಟ ಕಣ್ಣಳತೆಗೆ ಸಿಗುವುದಲ್ಲ. ಅದಕ್ಕೆ ಎರಡು ಅಳತೆಪಟ್ಟಿ ಸಾಕು. ನೆಟ್ ಬರುವ ಗೆರೆಯಲ್ಲಿ 27 ಅಡಿ ಅಂತರಕ್ಕೆ ಎರಡು ಗೂಟ ಹೊಡೆಯಿರಿ. ಒಂದು ಗೂಟದಿಂದ 39 ಅಡಿ, ಇನ್ನೊಂದರಿಂದ 47 ಅಡಿ ಐದೂಕಾಲು ಅಂಗುಲ ಹಿಡಿದು ಎರಡೂ ಪಟ್ಟಿಗಳನ್ನು ಬಿಗಿದರೆ ಅವು ಕೂಡುವ ಜಾಗವೇ ಅಂಕಣದ ಮೂಲೆ. ಹೀಗೆ ನಾಲ್ಕು ಮೂಲೆ ಹಿಡಿದ ಮೇಲೆ ಪೂರ್ತಿ ಅಂಕಣದ ಕರ್ಣ 82 ಅಡಿ ಆರೂವರೆ ಅಂಗುಲ ಬರುತ್ತದೆಯೇ ಎಂದು ಎರಡೂ ಕಡೆ ತಾಳೆ ನೋಡಬೇಕು. ಬಟ್ಟೆಯ ಪಟ್ಟಿ ಒದ್ದೆಯಾದರೆ ಅಳತೆ ಕೆಡುತ್ತದೆ, ಲೋಹದ ಪಟ್ಟಿಯೇ ಒಳ್ಳೆಯದು. ಗೆರೆಗೆ ಸೀಮೆಸುಣ್ಣದ ಪುಡಿಯನ್ನು ನೀರಿನಲ್ಲಿ ಗಟ್ಟಿ ಹಾಲಿನ ಹದಕ್ಕೆ ಕದಡಿ ಬಳಸಬೇಕು. ಸುಟ್ಟ ಸುಣ್ಣ ಹಾಕಿದರೆ ಬೆಳ್ಳಗೆ ಕಾಣುತ್ತದೆ ನಿಜ, ಆದರೆ ಹುಲ್ಲು ಸುಟ್ಟು ಗೆರೆಯ ಜಾಗದಲ್ಲಿ ಸಣ್ಣ ತೋಡಾಗುತ್ತದೆ. ಅಲ್ಲಿ ಬಿದ್ದ ಚೆಂಡು ಹೇಗೆ ಏಳುತ್ತದೆಂದು ಹೇಳಲಾಗದು.

ಈ ಅಳತೆಗಳ ಕುರಿತೇ ತಮ್ಮ ಲೇಖನದ ಜೊತೆಗಿನ ಚಿತ್ರದಲ್ಲಿ ಒಂದು ದೋಷವಿದೆ. 1877ರ ಅಂಕಣ ಎಂದು ಅಚ್ಚಾಗಿರುವುದು ಇಂದಿನ ಅಂಕಣ. ಆ ವರ್ಷ ವಿಂಬಲ್ಡನ್ನಿನಲ್ಲಿ ಮೊದಲ ಟೂರ್ನಿ ನಡೆಸಿದ ಆಲ್ ಇಂಗ್ಲೆಂಡ್ ಕ್ಲಬ್ಬಿನ ಹೆನ್ರಿ ಜೋನ್ಸ್, ಜೂಲಿಯನ್ ಮಾರ್ಷಲ್, ಸಿ. ಜಿ. ಹೀತ್‌ಕೋಟ್ ಈ ಮೂವರು ಕೂತು ಡಮರುಗದ ಆಕಾರ ಕೈಬಿಟ್ಟು 78ಕ್ಕೆ 27 ಅಡಿಯ ಆಯತ ಮಾಡಿದರು. ಅಲ್ಲಿಯವರೆಗೆ ಇಂದಿನದಕ್ಕೆ ಹೊಂದುತ್ತದೆ. ಆದರೆ ನೆಟ್ ಕಂಬದ ಬಳಿ 5 ಅಡಿ, ನಡುವೆ 3 ಅಡಿ 3 ಅಂಗುಲ ಇತ್ತು. ಸರ್ವ್ ಮಾಡಿದ ಚೆಂಡು ಯಾವ ಗೆರೆಯೊಳಗೆ ಬೀಳಬೇಕೋ ಆ ಸರ್ವಿಸ್ ಗೆರೆ ನೆಟ್‌ನಿಂದ 26 ಅಡಿ ದೂರ ಇತ್ತು. ಈ ವ್ಯತ್ಯಾಸ ಚಿಕ್ಕದಲ್ಲ. ಪಕ್ಕಗಳಲ್ಲಿ ನೆಟ್ ಅಷ್ಟು ಎತ್ತರ ಇದ್ದುದರಿಂದ ಗೆರೆಯ ಗುಂಟ ಚೆಂಡು ಹೊಡೆಯುವುದು ಕಷ್ಟ, ಚೆಂಡೆಲ್ಲ ತಗ್ಗಾದ ನಡುವಿನಿಂದಲೇ ಬರುತ್ತಿತ್ತು. ಸ್ಪೆನ್ಸರ್ ಗೋರ್ ನೆಟ್ ಹತ್ತಿರ ನಿಂತು ವಾಲಿ (ಚೆಂಡು ನೆಲ ಮುಟ್ಟುವ ಮೊದಲೇ ಹೊಡೆತ) ಹೊಡೆದೇ ಮೊದಲ ಚಾಂಪಿಯನ್ ಆದದ್ದು ಇದರಿಂದ. ಮರುವರ್ಷ ಫ್ರಾಂಕ್ ಹ್ಯಾಡೊ, ಗೋರ್ ತಲೆಯ ಮೇಲಿಂದ ಚೆಂಡು ಎತ್ತಿ ಹಾಕಿ ಸೋಲಿಸಿದರು. ಇತ್ತ ಸರ್ವಿಸ್ ಗೆರೆ ಹಿಂದಿದ್ದುದರಿಂದ ಸರ್ವ್ ಮಾಡುವವನ ಕೈ ಮೇಲಾಗಿತ್ತು. 1877ರ ಟೂರ್ನಿಯ 601 ಗೇಮ್‌ಗಳಲ್ಲಿ 376 ಅವನ ಪಾಲಾದವು ಎಂದು ಜೋನ್ಸ್ ಲೆಕ್ಕ ಹಾಕಿ ತೋರಿಸಿದರು. ಆ ಲೆಕ್ಕದ ಫಲವಾಗಿ 1878ರಲ್ಲಿ ಗೆರೆ 22 ಅಡಿಗೆ, 1880ರಲ್ಲಿ 21 ಅಡಿಗೆ ಬಂತು. ಕಂಬದ ಬಳಿ ನೆಟ್ 4 ಅಡಿ 9 ಅಂಗುಲಕ್ಕೆ, 4 ಅಡಿಗೆ, ಕೊನೆಗೆ 1882ರಲ್ಲಿ ಇಂದಿನ ಮೂರೂವರೆ ಅಡಿಗೆ ಇಳಿಯಿತು. ಒಂದು ಟೂರ್ನಿಯ ಅಂಕಿಗಳನ್ನು ಕೂಡಿ ಕಳೆದು ನಿಯಮ ತಿದ್ದಿದ ಈ ಕೆಲಸ, ನನ್ನ ಮಟ್ಟಿಗೆ, ಪೇಟೆಂಟ್‌ಗಿಂತ ದೊಡ್ಡದು. ಇಂದಿನ ಚಿತ್ರಕ್ಕೆ ಹಳೆಯ ಇಸವಿ ಹಾಕಿದರೆ ಅಷ್ಟೂ ಕೆಲಸ ಮರೆಯಾಗುತ್ತದೆ. ದಯವಿಟ್ಟು ತಿದ್ದುಪಡಿ ಪ್ರಕಟಿಸಿ.

ಹೊಸ ಕ್ಲಬ್ಬಿನ ಕಾರ್ಯದರ್ಶಿಗೆ ಈ ಬದಲಾವಣೆಗಳು ತಲೆನೋವೇ ಆಗಿದ್ದವು. ವರ್ಷ ಬಿಟ್ಟು ವರ್ಷ ಕಂಬ ಕೊಯ್ಯಬೇಕು, ಗೆರೆ ಸರಿಸಬೇಕು, ಹಳೆಯ ಗೆರೆ ಅಳಿಸಬೇಕು. ಹಗ್ಗದ ಕಾಟ ಬೇರೆ. ಸೆಣಬಿನ ಹಗ್ಗ ಮಳೆಗೆ ಬಿಗಿಯುತ್ತದೆ, ಬಿಸಿಲಿಗೆ ಸಡಿಲಾಗುತ್ತದೆ. ರಾತ್ರಿ ಸಡಿಲಿಸದೆ ಬಿಟ್ಟರೆ ಕಂಬವನ್ನೇ ಒಳಕ್ಕೆ ಎಳೆದುಬಿಡುತ್ತದೆ. ನಡುವಿನ ಎತ್ತರಕ್ಕೆ ಸರಿಯಾಗಿ ಕತ್ತರಿಸಿದ ಒಂದು ಕೋಲನ್ನು ಕೊಟ್ಟಿಗೆಯಲ್ಲಿಟ್ಟು ಆಟಕ್ಕೆ ಮುಂಚೆ ಅಳೆಯುವುದೇ ಸುಲಭದ ಉಪಾಯ. ಚೆಂಡು ಮೊದಮೊದಲು ಬರಿಯ ರಬ್ಬರಿನದು. ಒದ್ದೆ ಹುಲ್ಲಿನ ಮೇಲೆ ಅದು ಜಾರುತ್ತಿತ್ತು, ಗಾಳಿಗೆ ತೇಲುತ್ತಿತ್ತು. ಜೆ. ಎಂ. ಹೀತ್‌ಕೋಟ್ ಅದಕ್ಕೆ ಬಿಳಿ ಫ್ಲ್ಯಾನಲ್ ಬಟ್ಟೆ ಹೊದಿಸಿ ಹೊಲಿಸಿ ನೋಡಿದರು. ಅದು ಹಿಡಿತಕ್ಕೂ ಸಿಕ್ಕಿತು, ಕಣ್ಣಿಗೂ ಚೆನ್ನಾಗಿ ಕಂಡಿತು. ಬಟ್ಟೆ ನೀರು ಕುಡಿದರೆ ಚೆಂಡಿನ ತೂಕ ಏರುತ್ತದೆ ಎಂಬುದೊಂದು ಕೊರತೆ ಉಳಿದೇ ಉಳಿಯಿತು. ರಾಕೆಟ್ಟಿನ ಕರುಳಿನ ತಂತಿಗೂ ತೇವವೇ ಶತ್ರು.

ಈಗ ಹಣ. 1868ರಲ್ಲಿ 'ದಿ ಫೀಲ್ಡ್' ವಾರಪತ್ರಿಕೆಯ ಕಚೇರಿಯಲ್ಲಿ ಹುಟ್ಟಿದ ಆಲ್ ಇಂಗ್ಲೆಂಡ್ ಕ್ರೋಕೆ ಕ್ಲಬ್, ಮರುವರ್ಷ ವಿಂಬಲ್ಡನ್ನಿನ ವರ್ಪಲ್ ರಸ್ತೆಯಲ್ಲಿ ನಾಲ್ಕು ಎಕರೆ ಗುತ್ತಿಗೆಗೆ ಹಿಡಿಯಿತು. ಮೊದಲ ವರ್ಷಕ್ಕೆ 50 ಪೌಂಡ್, ಎರಡನೆಯದಕ್ಕೆ 75, ಮೂರನೆಯದಕ್ಕೆ 100 ಎಂಬುದು ಕರಾರು. 100 ಪೌಂಡ್ ಎಂದರೆ 2,000 ಷಿಲಿಂಗ್. ತಲಾ ಒಂದು ಗಿನಿ ಚಂದಾ ಎಂದು ಹಿಡಿದರೆ 96 ಜನರ ಚಂದಾ ಗುತ್ತಿಗೆಗೇ ಸರಿಹೋಗುತ್ತದೆ. ಮಾಲಿಯ ಸಂಬಳ, ಕುದುರೆಯ ಮೇವು, ಯಂತ್ರದ ರಿಪೇರಿ ಎಲ್ಲ ಅದರ ಮೇಲೆ. ಕ್ರೋಕೆಯ ಹುಚ್ಚು ಇಳಿಯುತ್ತಿದ್ದ ಕಾಲದಲ್ಲಿ ಇದು ಹೊರಲಾರದ ಹೊರೆ. 1875ರಲ್ಲಿ ಜೋನ್ಸ್ ಸಲಹೆಯಂತೆ ಒಂದು ಹುಲ್ಲುಹಾಸನ್ನು ಟೆನಿಸ್‌ಗೆ ಬಿಟ್ಟುಕೊಟ್ಟು 25 ಪೌಂಡ್ ಖರ್ಚು ಮಾಡಿದ್ದು ಈ ಹಿನ್ನೆಲೆಯಲ್ಲಿ. 1877ರ ಏಪ್ರಿಲ್‌ನಲ್ಲಿ ಕ್ಲಬ್ಬಿನ ಹೆಸರಿಗೆ ಲಾನ್ ಟೆನಿಸ್ ಸೇರಿತು. ಕುದುರೆ ಎಳೆಯುವ ರೋಲರ್ ದುರಸ್ತಿಗೆ ದುಡ್ಡು ಬೇಕಾಗಿ ಚಾಂಪಿಯನ್‌ಷಿಪ್ ಏರ್ಪಾಟಾಯಿತು ಎಂಬುದು ಅಲ್ಲಿ ಬಹುಕಾಲದಿಂದ ಹೇಳುತ್ತ ಬಂದಿರುವ ಮಾತು. ಜುಲೈ 9ಕ್ಕೆ ಆಟ ಶುರು, 22 ಸ್ಪರ್ಧಿಗಳು, ಪ್ರವೇಶ ಶುಲ್ಕ ಒಂದು ಗಿನಿ. ಹಿಮ್ಮಡಿ ಎತ್ತರದ ಬೂಟು ತೊಡಬಾರದೆಂಬ ಷರತ್ತೂ ಇತ್ತು, ಹುಲ್ಲಿನ ಸಲುವಾಗಿ. ಫೈನಲ್ ನೋಡಲು ಸುಮಾರು 200 ಜನ ಒಂದೊಂದು ಷಿಲಿಂಗ್ ಕೊಟ್ಟು ಬಂದರು. ಖರ್ಚು ಕಳೆದು ಉಳಿದದ್ದು ಹತ್ತು ಪೌಂಡ್.

ಉಳಿದ ಏರ್ಪಾಟು ಎಲ್ಲ ಕಡೆ ಒಂದೇ ಬಗೆಯದು: ಅಧ್ಯಕ್ಷರಾಗಿ ಊರಿನ ಗಣ್ಯರೊಬ್ಬರು, ಸಂಬಳವಿಲ್ಲದ ಕಾರ್ಯದರ್ಶಿ ಮತ್ತು ಖಜಾಂಚಿ, ಹೊಸ ಸದಸ್ಯರ ಆಯ್ಕೆಗೆ ಬಿಳಿ-ಕಪ್ಪು ಗುಂಡುಗಳ ಗುಪ್ತ ಮತದಾನ. ಆ ಕಪ್ಪು ಗುಂಡು ಎಷ್ಟೋ ಸಲ ಅಂಗಡಿಯವರನ್ನೂ ಕುಶಲಕರ್ಮಿಗಳನ್ನೂ ಹೊರಗಿಡಲು ಬಳಕೆಯಾಯಿತು, ಅದನ್ನು ಮುಚ್ಚಿಡಬೇಕಿಲ್ಲ. ಕಾಯುವವರಿದ್ದರೆ ಒಂದೇ ಸೆಟ್ ಎಂಬ ನಿಯಮ ಮಾತ್ರ ಬಹಳ ಉಪಯುಕ್ತ. ಮೂರು ಅಂಕಣಗಳಲ್ಲಿ ಡಬಲ್ಸ್ ಆಡಿದರೂ ಒಮ್ಮೆಗೆ ಹನ್ನೆರಡು ಜನರಷ್ಟೇ ಆಡಬಲ್ಲರು, ಶನಿವಾರ ಮಧ್ಯಾಹ್ನ ಬರುವವರು ಐವತ್ತು.

ಹೆಂಗಸರ ವಿಷಯದಲ್ಲಿ ಲೇಖನ 1884ರ ವಿಂಬಲ್ಡನ್ ಸ್ಪರ್ಧೆಯನ್ನೂ ಮಾಡ್ ವಾಟ್ಸನ್ ಗೆಲುವನ್ನೂ ಸರಿಯಾಗಿ ಹೇಳಿದೆ. ಆದರೆ ಡಬ್ಲಿನ್ನಿನ ಫಿಟ್ಸ್‌ವಿಲಿಯಂ ಕ್ಲಬ್ ನಡೆಸುತ್ತಿದ್ದ ಐರಿಷ್ ಚಾಂಪಿಯನ್‌ಷಿಪ್‌ನಲ್ಲಿ 1879ರಲ್ಲೇ ಮಹಿಳೆಯರ ಸಿಂಗಲ್ಸ್ ಇತ್ತು, ಮೇ ಲ್ಯಾಂಗ್ರಿಷ್ ಗೆದ್ದಿದ್ದರು. ಕ್ರೋಕೆ ಮತ್ತು ಬಿಲ್ಲುಗಾರಿಕೆ ಕ್ಲಬ್ಬುಗಳಲ್ಲಿ ಹೆಂಗಸರು ಮೊದಲೇ ಸದಸ್ಯರಾಗಿದ್ದುದರಿಂದ ಅವರು ಟೆನಿಸ್‌ಗೆ ಹೊಸದಾಗಿ ಬಾಗಿಲು ತಟ್ಟಬೇಕಾಗಲಿಲ್ಲ. ಸ್ಪರ್ಧೆಯ ಪಟ್ಟಿಯಲ್ಲಿ ಹೆಸರು ಬರುವುದಕ್ಕಷ್ಟೇ ಕಾಯಬೇಕಾಯಿತು.

1888ರ ಜನವರಿಯಲ್ಲಿ ಲಂಡನ್ನಿನ ಫ್ರೀಮೇಸನ್ಸ್ ಟ್ಯಾವರ್ನ್‌ನಲ್ಲಿ ಕ್ಲಬ್ಬುಗಳ ಪ್ರತಿನಿಧಿಗಳು ಸೇರಿ ಲಾನ್ ಟೆನಿಸ್ ಅಸೋಸಿಯೇಷನ್ ಸ್ಥಾಪಿಸಿದರು. ವಿಲಿಯಂ ರೆನ್‌ಷಾ ಅದರ ಮೊದಲ ಅಧ್ಯಕ್ಷರು, ಹರ್ಬರ್ಟ್ ಚಿಪ್ ಕಾರ್ಯದರ್ಶಿ. ಅಲ್ಲಿಯವರೆಗೆ ಆಲ್ ಇಂಗ್ಲೆಂಡ್ ಕ್ಲಬ್ ಹೇಳಿದ ನಿಯಮವನ್ನು ಉಳಿದವರು ಒಪ್ಪಿಕೊಂಡು ನಡೆಯುತ್ತಿದ್ದರು. ಆಮೇಲೆ ನಿಯಮ ತಿದ್ದುವಾಗ ಇತರ ಊರುಗಳ ಕ್ಲಬ್ಬುಗಳಿಗೂ ಮತ ಬಂತು.

ತಮ್ಮ ವಿಶ್ವಾಸಿ,
ಟೆನಿಸ್ ಇತಿಹಾಸದ ಓದುಗ